ಹುಳ ಆಯುವ ಹೊತ್ತು

ಮಳೆಗಾಲ ಶುರುವಾಯಿತೆಂದರೆ ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಹಸಿರುಗಪ್ಪಾಗಿಬಿಡುತ್ತಿತ್ತು. ಸೋಪು ಹಾಕಿ ಉಜ್ಜಿದರೂ, ಹುಣಸೆಹಣ್ಣು ತಿಕ್ಕಿದರೂ ಹೋಗದ ಕಲೆ. ಲಿಲ್ಲಿ ಎಲೆಯ ಲೋಳೆ ತಾಗಿ ಬೆರಳ ಸಂದಿಯೆಲ್ಲ ನವೆ ಎದ್ದು ಕೆಂಪಾಗಿರುತ್ತಿತ್ತು. ಅದೇ ಕೈಯಲ್ಲಿ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಇಡುತ್ತಿದ್ದರು. ನಾನು ಒಂದು ಕ್ಷಣ ಹಿಂದೆಮುಂದೆ ನೋಡಿದರೆ ಸಾಕು, “ಏನ್ ನೋಡ್ತೀಯ ಕಾನ್ಮೆಂಟು? ಉಣ್ಣು. ಉಳ ಸತ್ತದೆ ಕಣೆ, ನೀ ಸಾಯಕಿಲ್ಲ” ಅನ್ನುತ್ತಿದ್ದರು.

ಅವರು ನನ್ನ ವಾರಗಿತ್ತಿ, ಭಾವನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್‌ಗಳ ಕೈಕೆಳಗೆ ಬೆಳೆದ ನನ್ನನ್ನು ಅವರು ಕೊನೆಯವರೆಗೂ ಹೆಸರು ಹಿಡಿದು ಕರೆದವರಲ್ಲ. ಮದುವೆಯಾಗಿ ಹೆಮ್ಮಿಗೆಯ ಆ ಮನೆಗೆ ಬಂದ ಹೊಸದರಲ್ಲಿ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ ಎಮ್ಮೆಗೆ ನಾನು “ಎಕ್ಸ್‌ಕ್ಯೂಸ್ ಮಿ” ಅಂದೆನಂತೆ. ನನಗೇನೂ ನೆನಪಿಲ್ಲ. ಅಕ್ಕ ಮಾತ್ರ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು: “ಎಮ್ಮೆ ಜರುಗ್ತು ಕಣ್ರವ್ವ. ನಮ್ಮತ್ತೆ ಮಾತ್ರ ಜರುಗ್ನಿಲ್ಲ.”

ಅತ್ತೆ ಜರುಗುವವರೇ ಅಲ್ಲ. ಆ ಮನೆಯಲ್ಲಿ ಸೊಸೆಯಂದಿರು ಸುಮ್ಮನೆ ಕೂರುವ ಹಾಗಿರಲಿಲ್ಲ, ಸುಮ್ಮನೆ ಹೊರಗೆ ಹೋಗುವ ಹಾಗೂ ಇರಲಿಲ್ಲ. ನಮ್ಮ ಯಜಮಾನರಿಗೆ ನಂಜನಗೂಡಿನಲ್ಲಿ ಕೆಲಸವಿದ್ದದ್ದರಿಂದ ನಾನು ಹಬ್ಬಕ್ಕೆ, ಕೊಯ್ಲಿಗೆ, ರಜೆಗೆ ಬರುವವಳು. ಐ ವಾಸ್ ಲಕ್ಕಿ. ಅಕ್ಕ ಅಲ್ಲೇ ಇದ್ದವರು.

ಅವರಿಗೆ ಒಬ್ಬ ಮಗ, ಅವನ ಕೆಳಗೆ ಒಬ್ಬಳು ಮಗಳು. ಒಂದು ಬೇಸಿಗೆ ರಜೆಗೆ ಹುಡುಗಿ ನಂಜನಗೂಡಿಗೆ ಬಂದಾಗ ನನ್ನ ಅಂಗಳದ ಕೆಂಪು ಲಿಲ್ಲಿಯ ಗೆಡ್ಡೆಗಳನ್ನು ನೋಡಿ, “ಚಿಕ್ಕಮ್ಮ, ಇದು ಈರುಳ್ಳಿ ತರ ಐತೆ, ಇದ್ರಾಗಿಂದ ಅಷ್ಟು ದೊಡ್ಡ ಊವು ಬತ್ತದಾ?” ಅಂತ ಬೆರಗಾಗಿದ್ದಳು. ಲಂಗದ ಮಡಿಲಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಯಾರಿಗೂ ಮುಟ್ಟಲು ಬಿಡದೆ ಊರಿಗೆ ಒಯ್ದು, ಮನೆ ಮುಂದೆ ತಾನೇ ನೆಟ್ಟಳು. ಒಂದು ಸಲ ಹೂ ಬಿಟ್ಟದ್ದನ್ನು ನೋಡಿದಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂತು. ಕಷಾಯ ಕಹಿಯೆಂದು ಹಲ್ಲು ಕಚ್ಚಿ ಹಿಡಿಯುತ್ತಿದ್ದಳಂತೆ. ಟಿ. ನರಸೀಪುರದ ಡಾಕ್ಟರ ಬಳಿಗೆ ಕರೆದೊಯ್ಯುವಷ್ಟರಲ್ಲಿ ತಡವಾಗಿತ್ತು.

ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತೇವೆ. ಕಾಲುವೆ ಪಕ್ಕದ ಗದ್ದೆಯ ಎತ್ತರದ ಮೂಲೆಯಲ್ಲಿ ಅವಳನ್ನು ಮಲಗಿಸಿದೆವು. ತಿಂಗಳು ಕಳೆದ ಮೇಲೆ ಅಕ್ಕ ಮನೆ ಮುಂದಿನ ಲಿಲ್ಲಿ ಗೆಡ್ಡೆಗಳನ್ನೆಲ್ಲ ಕಿತ್ತು ಸಮಾಧಿಯ ಸುತ್ತ ನೆಟ್ಟುಬಂದರು. ಅತ್ತೆ ಅದಕ್ಕೆ ಏನೂ ಅನ್ನಲಿಲ್ಲ. ಆದರೆ ಅಕ್ಕ ದಿನವೂ ಅಲ್ಲಿ ಹೋಗಿ ಕೂರತೊಡಗಿದಾಗ ಅಂದರು: “ಸತ್ತೋದ ಮಗೀನ ಕೂಗ್ತಾ ಕುಂತ್ರೆ ಅದ್ಕೂ ದಾರಿ ಸಾಗಾಕಿಲ್ಲ, ಇರೋ ಮಗೀಗೂ ಏಳ್ಗೆ ಇಲ್ಲ. ಸಾಕು, ಒಳೀಕೆ ಬಾ.” ಅತ್ತೆ ಕೆಟ್ಟವರಲ್ಲ. ಅವರೂ ಮಕ್ಕಳನ್ನು ಕಳೆದುಕೊಂಡವರೇ; ಅವರ ಅತ್ತೆಯೂ ಅವರಿಗೆ ಹಾಗೆಯೇ ಹೇಳಿದ್ದಿರಬೇಕು. ಅಕ್ಕ ಹೋಗುವುದನ್ನು ನಿಲ್ಲಿಸಿದರು.

ಮರುವರ್ಷ ಮಳೆ ಬಿದ್ದ ಮೇಲೆ ಲಿಲ್ಲಿಗೆ ಹುಳ ಬಂತು. ಮೈತುಂಬ ಕಪ್ಪು ಬಿಳಿ ಪಟ್ಟೆ, ಥೇಟ್ ಹಳೇ ಸಿನಿಮಾದ ಜೈಲು ಕೈದಿಯ ಯೂನಿಫಾರ್ಮ್. ಎಲೆಯ ಅಡಿಯಲ್ಲಿ ಮೊಟ್ಟೆ ಒಡೆದು, ಎಲೆ ಕೊರೆದು, ತಡೆಯದೆ ಬಿಟ್ಟರೆ ಕೆಳಗಿಳಿದು ಗೆಡ್ಡೆಯೊಳಕ್ಕೇ ಹೊಕ್ಕುಬಿಡುತ್ತದೆ. ಆಮೇಲೆ ಗೆಡ್ಡೆ ಕೊಳೆತು ನೀರಾಗುತ್ತದೆ. ಅಕ್ಕ ಹಳೆಯ ಉಪ್ಪಿನಕಾಯಿ ಬಾಟಲಿಗೆ ಸೋಪಿನ ನೀರು ತುಂಬಿಕೊಂಡು ಅತ್ತೆಯ ಮುಂದೆ ನಿಂತು, “ಲಿಲ್ಲಿಗೆ ಉಳ ಬಿದ್ದವೆ ಅತ್ತೆ, ಆಯ್ಕಬತ್ತೀನಿ” ಅಂದರು. ಅದು ಕೆಲಸ. ಕೆಲಸಕ್ಕೆ ಆ ಮನೆಯಲ್ಲಿ ಯಾವತ್ತೂ ತಡೆಯಿರಲಿಲ್ಲ. ಅಂದಿನಿಂದ ಪ್ರತಿ ಮಳೆಗಾಲ ಮುಂಜಾನೆ, ಬಿಸಿಲೇರುವ ಮುಂಚೆ, ಬಾಟಲಿ ಹಿಡಿದು ಗದ್ದೆಯ ಮೂಲೆಗೆ ನಡೆಯುತ್ತಿದ್ದರು.

ಹುಳ ನಿಲ್ಲಿಸಲು ನಾವೆಲ್ಲ ಎಷ್ಟೋ ಉಪಾಯ ಹೇಳಿದೆವು. ಭಾವ ಭತ್ತಕ್ಕೆ ಎರಚುವ ಹರಳಿನ ಔಷಧಿ ತಂದು, “ಒಂದು ಹಿಡಿ ಬುಡಕ್ಕೆ ಹಾಕು, ವರ್ಷವಿಡೀ ತಾಪತ್ರಯ ಇಲ್ಲ” ಅಂದರು.

“ಮಲ್ಗಿರೋ ಮಗೀನ ತಲೆ ಮೇಲೆ ಇಸ ಸುರೀತೀರಾ?” ಅಂದರು ಅಕ್ಕ. ಭಾವ ಪೊಟ್ಟಣ ಎತ್ತಿಕೊಂಡು ಹೋದರು.

ನಾನು ನಂಜನಗೂಡಿನಿಂದ ಬೇವಿನ ಹಿಂಡಿ ಒಯ್ದೆ. ನನ್ನ ಪ್ರಕಾರ ದಿ ಪರ್ಫೆಕ್ಟ್ ಸೊಲ್ಯೂಷನ್, ವಿಷವೂ ಅಲ್ಲ. ಅಕ್ಕ ಮೂಸಿ ನೋಡಿ ಪಕ್ಕಕ್ಕಿಟ್ಟರು. “ಬ್ಯಾಡ ಕಣೆ. ಅವ್ಳಿಗೆ ಕಯಿ ಆಗಾಕಿಲ್ಲ.” ಒಲೆಯ ಬೂದಿ ಉದುರಿಸುವುದೊಂದಕ್ಕೆ ಒಪ್ಪಿದ್ದರು. ಬೂದಿಗೆ ಆ ಹುಳ ಅಷ್ಟಾಗಿ ಹೆದರುತ್ತಿರಲಿಲ್ಲ.

ಒಮ್ಮೆ ಆಷಾಢದಲ್ಲಿ ನಾನೂ ಅವರ ಜೊತೆ ಹೋದೆ. ಸೀರೆ ಮೇಲೆ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಎಲೆ ಮಗುಚಿ, ಹುಳ ಚಿವುಟಿ ಬಾಟಲಿಗೆ ಹಾಕುತ್ತ ಬಯ್ಯುತ್ತಿದ್ದರು. “ಬಂದ್ಯಾ ತಾಯಿ, ಪಟ್ಟೆ ಸೀರೆ ಉಟ್ಕಂಡು? ಯಾರ್ ಮದ್ವೆಗೆ ಒಂಟಿದ್ದೆ?” ನಡುನಡುವೆ ಅದೇ ದನಿಯಲ್ಲಿ ಮಗಳಿಗೂ ಊರಿನ ಸುದ್ದಿ ಹೇಳುತ್ತಿದ್ದರು: ಅಣ್ಣ ಪರೀಕ್ಷೆ ಪಾಸಾದ, ಕೆಂದಹಸು ಕರು ಹಾಕಿತು, ಚಿಕ್ಕಮ್ಮ ಬಂದವಳೆ ನೋಡು. ಏಳುವಾಗ ಒಂದು ಎಲೆಯ ಮೇಲೆ ಎರಡು ಕೊಬ್ಬಿದ ಹುಳ ಕಂಡು, “ಅಕ್ಕ, ಇಲ್ಲಿ ಬಿಟ್ಟಿದ್ದೀರಲ್ಲ” ಅಂತ ಕೈ ಹಾಕಹೋದೆ.

ಅವರು ನನ್ನ ಮಣಿಕಟ್ಟು ಹಿಡಿದರು.

“ಇರ್ಲಿ ಬುಡು. ಎಲ್ಲಾನೂ ಇವತ್ತೇ ತೆಗ್ದುಬುಟ್ರೆ ನಾಳೀಕೆ ಏನಂತ ಏಳ್ಕಂಡು ಬರ್ಲಿ?”

ನಾನು ಬಾಟಲಿಯ ಮುಚ್ಚಳ ಹಾಕಿದೆ.

ಅತ್ತೆ ತೀರಿಕೊಂಡ ಮೇಲೆ ತಡೆಯುವವರು ಯಾರೂ ಉಳಿಯಲಿಲ್ಲ. ಆದರೂ ಅಕ್ಕ ಬಾಟಲಿಯಿಲ್ಲದೆ ಹೋದದ್ದನ್ನು ನಾನು ಕಾಣೆ. “ಈಗ ಯಾರು ಕೇಳ್ತಾರೆ ಅಕ್ಕ, ಸುಮ್ಮನೆ ಹೋಗಿ ಕೂತುಬನ್ನಿ” ಅಂದೆ.

“ಸುಮ್ನೆ ಕುಂತ್ರೆ ಅಳು ಬತ್ತದೆ ಕಣೆ. ಕೈಗೆ ಒಸಿ ಕೆಲ್ಸ ಇರ್ಬೇಕು.”

ನಮ್ಮ ಯಜಮಾನರು ಹೋದಾಗ ಅದರ ಅರ್ಥ ನನಗಾಯಿತು. ಬಂದವರೆಲ್ಲ ಸಮಾಧಾನ ಹೇಳಿದರು. ಕಂಡೋಲೆನ್ಸ್ ಮೆಸೇಜುಗಳಿಂದ ಫೋನ್ ತುಂಬಿಹೋಯಿತು. ಅಕ್ಕ ಒಂದು ಚೀಲ ಅವರೆಕಾಯಿ ಹೊತ್ತು ತಂದು, ಮೊರಕ್ಕೆ ಸುರಿದು, “ಬುಡ್ಸು” ಅಂದರು. ತಾವೂ ಎದುರಿಗೆ ಕೂತು ಬಿಡಿಸಿದರು. ಕಾಯಿ ಮುಗಿಯುವವರೆಗೆ ಏಳಲಿಲ್ಲ. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಅಂದು ನಾನು ಹಸಿವಾಗಿ ಊಟ ಮಾಡಿದೆ.

ಕಳೆದ ವರ್ಷ ಬೇಸಿಗೆಯಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ತಡೆಯುವ ವಯಸ್ಸಲ್ಲ ಎಂದರು ಡಾಕ್ಟರು. ಮಗನಿಗೆ ಗದ್ದೆ, ಸೊಸೆಗೆ ಹಸು, ಡೈರಿಗೆ ಹಾಲು. ನಾನು ಬಟ್ಟೆ ತುಂಬಿಕೊಂಡು ಹೆಮ್ಮಿಗೆಗೆ ಬಂದು ಉಳಿದೆ. ಮಳೆ ಶುರುವಾದಾಗ ಬಾಟಲಿ ನನ್ನ ಕೈಗೆ ಬಂತು. ನನ್ನ ಕಣ್ಣಿಗೆ ಪೊರೆ, ಮಂಡಿ ಮಡಿಸಲಾಗದು. ನಾನು ಆಯ್ದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಒಂದು ಬೆಳಿಗ್ಗೆ ಎಲೆ ಹಿಡಿದೊಡನೆ ಬುಡ ಸಮೇತ ಕೈಗೆ ಬಂತು. ಗೆಡ್ಡೆ ಒಳಗೆಲ್ಲ ಕೊಳೆತು ನಾರುತ್ತಿತ್ತು. ಅಕ್ಕನಿಗೆ ಸುಳ್ಳು ಹೇಳಲು ಆಗಲಿಲ್ಲ.

ಅವರು ನನ್ನ ಕೈಯಲ್ಲಿದ್ದ ಬಾಟಲಿಯನ್ನು ಇಸಿದುಕೊಂಡು ಹಾಸಿಗೆಯ ಪಕ್ಕಕ್ಕಿಟ್ಟರು. ಆಮೇಲೆ, “ನಿಮ್ ಭಾವಂಗೆ ಏಳು. ಆ ಔಸ್ದಿ ಆಕ್ಬುಡ್ಲಿ” ಅಂದರು.

“ಮಗು ತಲೆ ಮೇಲೆ ವಿಷ ಅಂತಿದ್ರಲ್ಲ ಅಕ್ಕ?”

“ಆಯೋರು ಇದ್ದಾಗ ಅಂದ ಮಾತು ಕಣೆ ಅದು. ಇನ್ನು ನಾ ಎದ್ದು ಓಗಾಕಾಯ್ತದಾ? ನಾ ಓಗ್ದಿದ್ರೂ ಪರ್ವಾಗಿಲ್ಲ. ಅವ್ಳು ನೆಟ್ಟಿದ್ದು ಉಳ್ಕಳ್ಳಿ.”

ಹಾಗೆಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಾನು ಬೆನ್ನು ಸವರುತ್ತ ಕೂತೆ. ಅಷ್ಟು ವರ್ಷ ಜೊತೆಗಿದ್ದರೂ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಭಾವ ಔಷಧಿ ಹಾಕಿಸಿದರು. ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದರು. ಮಗಳ ಪಕ್ಕದಲ್ಲೇ ಮಣ್ಣು ಕೊಟ್ಟೆವು.

ಈ ವರ್ಷ ಮಳೆ ಬಿದ್ದ ಮೇಲೆ ಹೆಮ್ಮಿಗೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದವಳೇ ಗದ್ದೆಯ ಮೂಲೆಗೆ ನಡೆದೆ. ಉಳಿದ ಗೆಡ್ಡೆಗಳು ಮರಿಹಾಕಿ ಎರಡೂ ಸಮಾಧಿಗಳ ನಡುವೆ ಹರಡಿದ್ದವು. ಅಂಥ ಸೊಂಪಾದ ಎಲೆಗಳನ್ನು ನಾನು ಅಲ್ಲಿ ನೋಡಿಯೇ ಇರಲಿಲ್ಲ. ಒಂದೊಂದಾಗಿ ಮಗುಚಿ ನೋಡಿದೆ. ಮೊಟ್ಟೆಯಿಲ್ಲ, ಹುಳವಿಲ್ಲ, ಒಂದು ತೂತೂ ಇಲ್ಲ.

ಬದುವಿನ ಮೇಲೆ ಕೋಲೂರಿಕೊಂಡು ಬರುತ್ತಿದ್ದ ಭಾವ ದೂರದಿಂದಲೇ ಕೂಗಿದರು: “ಏನವ್ವಾ, ಇಷ್ಟೊತ್ಗೇ ಅಲ್ಲೇನ್ ಮಾಡ್ತಿದ್ದೀಯೆ?”

ನಾನು ಕೈ ಕೊಡವಿಕೊಂಡು ನಿಂತೆ. ಅವರಿಗೆ ಹೇಳಲು ನನ್ನ ಬಳಿ ಒಂದು ಕೆಲಸವೂ ಇರಲಿಲ್ಲ.