ಒಂದೂ ಗೆಲ್ಲದ ನಮ್ಮ ತಂಡ

ಮನೆ ಬದಲಿಸಲೆಂದು ಮೊನ್ನೆ ಕಪಾಟು ಖಾಲಿ ಮಾಡುವಾಗ ತೆಂಗಿನೆಣ್ಣೆಯ ಕಮಟು ವಾಸನೆ ಬಂತು. ಹುಡುಕಿದರೆ ಹಳೆಯ ಬೆಡ್‌ಶೀಟುಗಳ ಅಡಿಯಲ್ಲಿ ನನ್ನ ಚರ್ಮದ ಗ್ಲೌಸು. ಚೆಂಡು ಹಿಡಿಯುವ ಗ್ಲೌಸಿಗೆ ಬೇರೆಯೇ ಎಣ್ಣೆ ಉಂಟಂತೆ. ನಾವು ಕರಾವಳಿಯ ಹೆಂಗಸರು, ತಲೆಗೆ ಆದದ್ದು ಗ್ಲೌಸಿಗೆ ಆಗದೇ ಎಂದು ತಿಕ್ಕಿದ್ದೆವು. ಮಗಳು ಮೂಗು ಮುಚ್ಚಿಕೊಂಡು, ನೀನು ಆಡುತ್ತಿದ್ದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕಳು. ನಗಲಿ. ನಿಮಗಾದರೂ ಹೇಳುತ್ತೇನೆ.

ಐದಾರು ವರ್ಷದ ಹಿಂದೆ ಇಲ್ಲಿ ಗಲ್ಫಿನ ಅಲ್ ನಹ್ದಾದ ನಮ್ಮ ಕಟ್ಟಡದ ಹೆಂಗಸರದ್ದೇ ಒಂದು ಸಾಫ್ಟ್‌ಬಾಲ್ ತಂಡವಿತ್ತು. ಬೇಸ್‌ಬಾಲಿನ ತಂಗಿ ಎನ್ನಿ. ಸಾಫ್ಟ್ ಎಂದು ಹೆಸರಿಟ್ಟವರು ಆ ಚೆಂಡನ್ನು ಒಮ್ಮೆಯೂ ಹಿಡಿದಿರಲಿಕ್ಕಿಲ್ಲ. ತಂಡ ಕಟ್ಟಿದವರು ಮೂರನೇ ಮಹಡಿಯ ರೀಟಾ ಬಾಯಿ, ಆಸ್ಪತ್ರೆಯಲ್ಲಿ ನರ್ಸ್, ಐವತ್ತರ ಹತ್ತಿರದವರು. ಜೊತೆಯ ಫಿಲಿಪಿನೋ ನರ್ಸುಗಳು ಆಡುವುದನ್ನು ನೋಡಿ, ಅವರಿಗೆ ಆಗುವುದು ನಮಗೆ ಯಾಕಾಗದು ಎಂದು ಹೊರಟವರು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೆಳಗೆ ಅವರ ಕಾರಿನ ಹಾರ್ನ್ ಕೇಳಿದರೆ ಮುಗಿಯಿತು, ಮಿರ್ದಿಫಿನ ಮೈದಾನಕ್ಕೆ ಹೋಗಲೇಬೇಕು. ನನಗೆ ಓಡಲು ಬಾರದು. ಹಾಗಾಗಿ ಮುಖಕ್ಕೆ ಜಾಲರಿ ಕಟ್ಟಿ, ಓಡುವವರು ಕೊನೆಗೆ ಬಂದು ಮುಟ್ಟಿ ಅಂಕ ಪಡೆಯುವ ಹೋಮ್ ಮೂಲೆಯಲ್ಲಿ ನನ್ನನ್ನು ಕೂರಿಸಿದ್ದರು.

ನಮ್ಮ ತಾರೆ ಉಳ್ಳಾಲದ ಬ್ಯಾರಿ ಹುಡುಗಿ ಜಮೀಲಾ. ಅವಳ ಕೈಯ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಕಷ್ಟವೇನೆಂದರೆ ಅವಳು ಲಗೋರಿ ಆಡಿ ಬೆಳೆದವಳು. ಲಗೋರಿಯಲ್ಲಿ ಓಡುವವಳ ಬೆನ್ನಿಗೇ ಚೆಂಡು ಬೀಸಬೇಕು. ಇಲ್ಲಿ ಹಾಗಲ್ಲ, ಮೂಲೆಯಲ್ಲಿ ನಿಂತ ನಮ್ಮವಳಿಗೆ ಎಸೆಯಬೇಕು, ಅವಳು ಹಿಡಿದು ಓಡಿಬಂದವಳಿಗೆ ಮುಟ್ಟಿಸಬೇಕು. ಜಮೀಲಾಳ ತಲೆಗೆ ಇದು ಹೋಗಿತ್ತು, ಕೈಗೆ ಹೋಗಿರಲಿಲ್ಲ. ಒಂದು ಪಂದ್ಯದಲ್ಲಿ ಮೂವರ ಬೆನ್ನಿಗೆ ಬಿತ್ತು. ರೀಟಾ ಬಾಯಿ ಅಂದು ಆಡಿದ್ದಕ್ಕಿಂತ ಐಸ್ ಹಿಡಿದು ಎದುರಾಳಿಗಳ ಶುಶ್ರೂಷೆ ಮಾಡಿದ್ದೇ ಹೆಚ್ಚು.

ಹೀಗೆ ಎರಡು ಸೀಸನ್ ಒಂದೂ ಗೆಲ್ಲಲಿಲ್ಲ. ಈ ಸಲವೂ ಗೆಲ್ಲದಿದ್ದರೆ ನಿಮ್ಮ ಜಾಗ ಬೇರೆ ತಂಡಕ್ಕೆ ಎಂದು ಪಂದ್ಯಾವಳಿ ನಡೆಸುವವರು ಹೇಳಿಬಿಟ್ಟರು. ಪ್ರತಿ ವರ್ಷ ಸೆಕೆ ಇಳಿಯುವಾಗ ರೀಟಾ ಬಾಯಿ ಗುಳಿಗೆ ಕೊಡುವ ದನಿಯಲ್ಲಿ ಹೇಳುತ್ತಿದ್ದ ಮಾತು ಒಂದೇ: "ಈ ಸಲ ಗೆಲ್ತೇವೆ." ಆ ವರ್ಷ ಮಾತ್ರ ಅದನ್ನು ಹೇಳಿ ಸುಮ್ಮನಾಗಲಿಲ್ಲ. ಕಟ್ಟಡ ಕಾಯುವ ನಾತೂರ್ ಎಷ್ಟು ಗೊಣಗಿದರೂ ಪಾರ್ಕಿಂಗಿನಲ್ಲಿ ನನ್ನನ್ನು ನಿಲ್ಲಿಸಿ, ದಿನಾ ಸಂಜೆ ಜಮೀಲಾಳಿಂದ ನನ್ನ ಕಡೆಗೇ ಚೆಂಡು ಎಸೆಯಿಸಿದರು.

ಕೊನೆಯ ಪಂದ್ಯದಲ್ಲಿ ನಾವು ಒಂದು ಅಂಕ ಮುಂದಿದ್ದೆವು. ಇನ್ನೊಬ್ಬಳು ಔಟಾದರೆ ಗೆಲುವು. ಎದುರಾಳಿಯೊಬ್ಬಳು ನನ್ನತ್ತ ಓಡಿ ಬರುತ್ತಿದ್ದಳು, ಅವಳ ಹಿಂದೆ ಇನ್ನೊಬ್ಬಳು. ಚೆಂಡು ಜಮೀಲಾಳ ಕೈಯಲ್ಲಿ. ಅವಳ ಕೈ ಓಡುವವಳ ಬೆನ್ನಿನ ಕಡೆಗೆ ಎದ್ದದ್ದನ್ನು ಕಂಡೆ. ಮರುಕ್ಷಣ ಅವಳು ತಡೆದು ನೇರ ನನಗೆಸೆದಳು, ಎದೆಯ ಮಟ್ಟಕ್ಕೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಚೆಂಡು ನನ್ನ ಗ್ಲೌಸಿಗೆ ಬಡಿದು ನೆಲಕ್ಕೆ ಬಿತ್ತು. ನಾನು ಅದನ್ನು ಹುಡುಕುವಷ್ಟರಲ್ಲಿ ಇಬ್ಬರೂ ಬಂದು ಮುಟ್ಟಿಯಾಗಿತ್ತು. ಖಲಾಸ್.

ಕಣ್ಣಿಗೆ ಬಿಸಿಲು ಹೊಡೆಯಿತು ಎಂದೆ. ತನ್ನ ಎಸೆತವೇ ಕೆಟ್ಟಿತೆಂದುಕೊಂಡು ಜಮೀಲಾ ಕಾರಿನಲ್ಲಿ ತಲೆಯೆತ್ತಲಿಲ್ಲ. ನಮ್ಮ ಜಾಗ ಹೋಯಿತು. ಆದರೆ ಮುಂದಿನ ಶುಕ್ರವಾರ ಆರಕ್ಕೆ ಹಾರ್ನ್ ಕೇಳಿಸಿತು. ಇನ್ನು ಯಾವ ಪಂದ್ಯ ಬಾಯಿ ಎಂದು ಕಿಟಕಿಯಿಂದ ಕೇಳಿದರೆ, "ಪಂದ್ಯ ಇಲ್ಲದಿದ್ರೆ ಎಂತ? ಪ್ರಾಕ್ಟೀಸ್ ಉಂಟಲ್ಲ" ಎಂದರು. ಆ ಬೇಸಿಗೆಯವರೆಗೂ ಹೋದೆವು. ಆಮೇಲೆ ಜಮೀಲಾ ಅಬುಧಾಬಿಗೆ ಹೋದಳು, ನಾನು ಒಂದೊಂದೇ ನೆಪ ಹೇಳಿ ತಪ್ಪಿಸಿಕೊಂಡೆ. ರೀಟಾ ಬಾಯಿ ಹೊಸ ಹುಡುಗಿಯರನ್ನು ಸೇರಿಸಿಕೊಂಡು ಈಗಲೂ ಹೋಗುತ್ತಾರೆ. ಈ ವರ್ಷ ಮತ್ತೆ ಪಂದ್ಯಕ್ಕೆ ಅರ್ಜಿ ಹಾಕಿದ್ದೇನೆ, ಬಾ ಎಂದು ಅವರ ಮೆಸೇಜು ಬಂದು ವಾರವಾಗಿತ್ತು. ಉತ್ತರಿಸುವ ಮುಖ ನನಗಿರಲಿಲ್ಲ.

ಮೊನ್ನೆ ಆ ಕಪಾಟಿನ ಎದುರೇ ಕೂತು ಫೋನ್ ಮಾಡಿದೆ. ಅವತ್ತು ಬಿಸಿಲಲ್ಲ ಬಾಯಿ, ಹೆದರಿ ಕಣ್ಣು ಮುಚ್ಚಿದ್ದೆ ಎಂದು ಹೇಳಿಬಿಟ್ಟೆ.

"ಗೊತ್ತುಂಟು ಮಾರಾಯ್ತಿ. ಬಿಸಿಲು ನಿನ್ನ ಬೆನ್ನಿಗಿತ್ತು. ಕಣ್ಣಿಗೆ ಹೊಡೀತಿದ್ದದ್ದು ಜಮೀಲಾಳಿಗೆ."

ನನಗೆ ಅಳುವೇ ಬಂತು. ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ಮುಂದಿನ ಶುಕ್ರವಾರ ನೀನು ಕೆಳಗೆ ಇಳೀತಿದ್ದೆಯಾ?"

ಗ್ಲೌಸನ್ನು ಕೈಗೆ ಹಾಕಿಕೊಂಡೆ. ಆಮೇಲೆ, ಈ ಶುಕ್ರವಾರ ಬರುತ್ತೇನೆ, ನನ್ನನ್ನು ಹೋಮ್ ಮೂಲೆಯಲ್ಲೇ ನಿಲ್ಲಿಸಬೇಕು ಎಂದೆ.