ಮಸ್ಕತ್ತಿನಿಂದ ಮದುಮಗಳ ಬೆನ್ನ ಹಿಂದಕ್ಕೆ

ಮಸ್ಕತ್ತಿನಿಂದ ಗೋವಾಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಆ ವಾರ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಎರಡೂವರೆ ತಾಸು, ಮೇಲೆ ಸ್ವಲ್ಪ. ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ನೋಡುವುದು, ನೋಡಿದರೆ ದೂರವೇನಾದರೂ ಕಡಿಮೆಯಾಗುತ್ತದೆಯೇ? ನನ್ನ ಗಂಡ ನಗುತ್ತಿದ್ದರು. ನಗುವವರಿಗೇನು, ಬರಬೇಕಾದವನು ನನ್ನ ತಮ್ಮ.

ನಮ್ಮ ಕಡೆ ಲಗ್ನದಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ನನಗಿರುವವನು ಒಬ್ಬನೇ ತಮ್ಮ. ಮಗಳು ನಾಲ್ಕನೇ ಇಯತ್ತೆ ಓದುತ್ತಿದ್ದಾಗ ಕ್ರೇನ್ ನಡೆಸಲು ಮಸ್ಕತ್ತಿಗೆ ಹೋದವನು, ಊರಿಗೆ ಬಂದಾಗಲೆಲ್ಲ ಅವಳಿಗೆ ಅದೊಂದೇ ಮಾತು ಕೊಡುತ್ತಿದ್ದ: ನಿನ್ನ ಲಗ್ನಕ್ಕೆ ನಾನೇ ಬಂದು ನಿಲ್ಲುತ್ತೇನೆ. ರಜೆ ಸಿಕ್ಕಿದ್ದು ನಾಲ್ಕೇ ದಿನ.

ಲಗ್ನದ ಬೆಳಿಗ್ಗೆ ರಾಯಬಾಗದ ಮಂಗಲ ಕಾರ್ಯಾಲಯದಲ್ಲಿ ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಮೊಬೈಲು. ಅದರ ನಕ್ಷೆಯಲ್ಲಿ ಪುಟ್ಟ ಹಳದಿ ವಿಮಾನ ಸಮುದ್ರ ದಾಟಿ, ಹೇಳಿದ ಹೊತ್ತಿಗೆ ಸರಿಯಾಗಿ ಗೋವಾದಲ್ಲಿ ಇಳಿಯಿತು. ಸದ್ಯ ಗೆದ್ದೆ ಎಂದುಕೊಂಡೆ. ಎಡವಿದ್ದು ಅಲ್ಲೇ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದಾರಿ ಬಿಡುವುದಿಲ್ಲ, ಅದು ಇಲ್ಲಿಯ ಕೂಸಿಗೂ ಗೊತ್ತು. ಒಂದು ತಾಸು ಮೊದಲೇ ಹೊರಡಿ ಎಂದು ಬೀಗರಿಗೆಲ್ಲ ಫೋನ್ ಮಾಡಿ ಹೇಳಿದವಳು ನಾನೇ. ತಮ್ಮನಿಗೆ ಮಾತ್ರ, ದಾರಿಯಲ್ಲಿ ನಿಪ್ಪಾಣಿಯ ಲಾಡ್ಜಿನಲ್ಲಿ ಇಳಿದು ಆರಾಮಾಗಿ ಸ್ನಾನ ಮಾಡಿ ಹೊಸ ಅಂಗಿ ಹಾಕಿಕೊಂಡು ಬಾ ಎಂದಿದ್ದೆ.

ಹನ್ನೆರಡಕ್ಕೆ ಅವನ ಫೋನ್ ಬಂತು. "ಅಕ್ಕಾ, ಕಬ್ಬೂರ ದಾಟೇನಿ. ಮುಂದ ಕಬ್ಬಿನ ಟ್ರೇಲರ್ ಪಲ್ಟಿ ಆಗೇತಿ."

ಮುಹೂರ್ತ ಹನ್ನೆರಡು ಮೂವತ್ತೈದಕ್ಕೆ. ನಾನು ಬಾಗಿಲಿಗೂ ಒಲೆಯ ಮನೆಗೂ ಸುಮ್ಮನೆ ಓಡಾಡಿದೆ, ಏನೂ ತಪ್ಪು ಮಾಡದ ಬಡಿಸುವವರನ್ನು ಬೈದೆ. ಹತ್ತು ನಿಮಿಷ ತಡೆಯಿರಿ ಎಂದು ಗಂಡ ಭಟ್ಟರನ್ನು ಕೇಳಿನೋಡಿದರು. ಭಟ್ಟರು ಆಗುವುದಿಲ್ಲ ಎಂದರು. ಕಡೆಗೆ ನನ್ನ ದೊಡ್ಡಪ್ಪನ ಮಗನನ್ನು ಹಿಂದೆ ನಿಲ್ಲಿಸಿದೆವು. ಅಕ್ಕಿಕಾಳು ಬಿದ್ದವು. ಮಗಳು ಒಮ್ಮೆ ಹಿಂತಿರುಗಿ ನೋಡಿ ತಲೆ ತಗ್ಗಿಸಿದಳು.

ಒಂದೂಕಾಲಿಗೆ ತಮ್ಮ ಯಾರದೋ ಬೈಕಿನ ಹಿಂದೆ ಕೂತು ಬಂದ. ಹೊಸ ಅಂಗಿಯ ತುಂಬ ಧೂಳು. ನೇರ ವೇದಿಕೆ ಹತ್ತಿ, ಮಗಳ ಬೆನ್ನ ಹಿಂದೆ ನಿಂತ. ಆಹೇರಿ, ಉಡುಗೊರೆ ಕೊಡುವವರ ಸಾಲು ಕರಗುವ ತನಕ ಕದಲಲಿಲ್ಲ. ಫೋಟೋದವನು ಪಕ್ಕಕ್ಕೆ ಸರಿಯಲು ಎರಡು ಸಲ ಹೇಳಿ, ಕಡೆಗೆ ಅವನನ್ನೂ ಸೇರಿಸಿಯೇ ಫೋಟೋ ತೆಗೆದ. ಮೂರು ಗಂಟೆ ಹೊಡೆದ ಮೇಲೆ ಮಗಳೇ ಹಿಂದೆ ತಿರುಗಿದಳು.

"ಮಾಮಾ, ಕಾಲ ನೋಯತಾವು. ಹೋಗಿ ಕೂಡು."

"ನಾ ನಿಂದ್ರಾಕನ ಬಂದೇನವಾ," ಅಂದ.