ಕಾಕು ಹೇಳಿದ ಎರಡನೇ ಭಾಗ

ನಮ್ಮ ಕಾಕುವಿನ ಎಡಗೈ ಹೆಬ್ಬೆರಳು ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತ ಕಥೆ ಹೇಳುವಾಗ ಬಟ್ಟೆ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದಳು. ಚುಚ್ಚದೆ ಬಿಟ್ಟೀತೇ?

ತಿಳವಳ್ಳಿಯಲ್ಲಿ ನಮ್ಮ ಬಾಜೂ ಮನೆಯವಳು, ಓಣಿಯ ಮಕ್ಕಳಿಗೆಲ್ಲ ಕಾಕು. ಗಂಡ ತೀರಿಕೊಂಡಿದ್ದ. ಹೊಸ ಸಿನೆಮಾ ಬಂತೆಂದರೆ ಒಬ್ಬಳೇ ಬಸ್ಸು ಹತ್ತಿ ಹಾನಗಲ್ಲಿಗೆ ಹೋಗಿ ನೋಡಿ ಬರುವಳು. ಆಡಿಕೊಳ್ಳುವವರು ಆಡಿಕೊಳ್ಳಲಿ ಎಂಬ ಜಾತಿ. ಮರುದಿನ ನಮ್ಮ ಪಡಸಾಲೆಯಲ್ಲಿ ಕೌದಿಯ ಸುತ್ತ ಕೂತ ಓಣಿಯ ಹೆಂಗಸರಿಗೆಲ್ಲ ಅವಳೇ ಸಿನೆಮಾ. ಅವರನ್ನು ಟಾಕೀಸಿಗೆ ಯಾರು ಕಳಿಸಬೇಕು?

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಕೆಂಪು ಶಲ್ಯ ಹೊದ್ದು ಆಕಾಶದಲ್ಲಿ ಹಾರುವ ವೀರನ ಸಿನೆಮಾ ಬಂದಿತ್ತು. ಅದರಲ್ಲಿ ವೈರಿಗಳು ವೀರನನ್ನು ಸರಪಳಿಯಲ್ಲಿ ಬಿಗಿದಾಗ ಬಿಚ್ಚಿದವಳು ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಅಕ್ಕೋರು. ನಮ್ಮಕ್ಕನೂ ಊರ ಶಾಲೆಯಲ್ಲಿ ಅಕ್ಕೋರು. ಆ ಕಥೆಯನ್ನು ಅವಳು ಎಷ್ಟು ಸಲ ಹೇಳಿಸಿಕೊಂಡಳೋ.

ಮುಂದೆ ಅದರ ಎರಡನೇ ಭಾಗ ಬಂತು. ನೋಡಿ ಬಂದ ಕಾಕುವಿನ ಮುಖ ಗಂಟಿಕ್ಕಿತ್ತು.

“ರೊಕ್ಕ ನೀರಿನಂಗ ಸುರುವ್ಯಾರ. ಇಮಾನ ಅದಾವ, ಬಂಗ್ಲೆ ಅದಾವ, ಸಮುದ್ರಾನ ಹೊತ್ತಿ ಉರೀತೈತಿ. ಕಥಿ ಒಂದ ಇಲ್ಲ,” ಅಂದಳು.

ಅದೇ ವಾರ ಅಕ್ಕನನ್ನು ನೋಡಿ ಹೋಗಿದ್ದ ಹಂಸಭಾವಿಯ ಗಂಡಿನ ಕಡೆಯವರು, ಮದುವೆಯಾದ ಮೇಲೆ ನೌಕರಿ ಬಿಡಬೇಕು ಎಂದು ಹೇಳಿ ಕಳಿಸಿದ್ದರು. ಅಪ್ಪ ಒಪ್ಪಿದ್ದ. ಅಕ್ಕ ಉಣ್ಣುವುದನ್ನೇ ಬಿಟ್ಟಿದ್ದಳು. ಓಣಿಗೆಲ್ಲ ಗೊತ್ತಿದ್ದ ಸಂಗತಿ.

ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕಾಕು ಕಥೆ ಶುರು ಮಾಡಿದಳು. “ವೀರ ಬಂದು ಲಗ್ನ ಆಗೂಣು, ಶಾಲಿ ಬಿಡು ಅಂತಾನ. ಆಕಿ ಏನಂದ್ಲು? ‘ನೀ ಹಾರೂದು ಬಿಡ್ತಿ ಏನು?’ ಅಂದ್ಲು.”

ಒಳಗಿದ್ದ ಅಪ್ಪ ಹೊರಗೆ ಬಂದ. ಸಂತೆಗೆಂದು ಹಾನಗಲ್ಲಿಗೆ ಹೋದವನು ತಾನೂ ಆ ಸಿನೆಮಾ ನೋಡಿದ್ದ.

“ಸುಳ್ಳು ಹೇಳಬ್ಯಾಡ್ರಿ ಅಕ್ಕಾರ. ಆಕಿ ನೌಕರಿ ಬಿಡ್ತಾಳ. ಕಡೀತನಕ ಕಿಟಕ್ಯಾಗ ನಿಂತು ಅಳ್ತಾಳ.”

ಕಾಕು ಅಂಜಲಿಲ್ಲ. “ಬಿಡ್ತಾಳ್ರಿ ಅಣ್ಣಾರ, ಖರೆ. ಅದಕ್ಕ ಸಿನೆಮಾ ಹಾಳಾಗೇತಿ. ನಮ್ಮ ಓಣ್ಯಾಗ ಬಿಡೂದಿಲ್ಲ.”

“ಹಂಗಾರ ನಮ್ಮ ಪಡಸಾಲ್ಯಾಗ ಕೌದಿ ಇವತ್ತಿಗೆ ಸಾಕು.”

“ಆತ್ರಿ. ನಾಳಿಂದ ನಮ್ಮ ಕಟ್ಟಿ ಮ್ಯಾಲ ಹೊಲೀತೇವಿ.”

ಆಗ ಅಕ್ಕ ತಲೆ ಎತ್ತದೆ ಅಂದಳು: “ಅಪ್ಪಾ, ನಾನೂ ಬಿಡೂದಿಲ್ಲ.”

ಆ ಸಂಬಂಧ ಮುರಿಯಿತು. ಕಾಕು ಹುಡುಗಿಯನ್ನು ಕೆಡಿಸಿದಳು ಎಂದು ಊರೆಲ್ಲ ಅಂದಿತು. “ಕೆಡಿಸೇನಿ. ಏನೀಗ?” ಅನ್ನುವಳು ಕಾಕು. ಮುಂದೆ ನೌಕರಿಗೆ ಅಡ್ಡ ಬರದ ಗಂಡು ಸಿಕ್ಕಿದ, ನಮ್ಮ ಊರಿನವನೇ. ಅವನಿಗೂ ಕಾಕುವನ್ನು ಕಂಡರೆ ಒಂಚೂರು ಹೆದರಿಕೆ.

ಕಾಕು ತೀರಿಕೊಂಡದ್ದು ಶಾಲೆಯ ದಿನ, ಬೆಳಗಿನ ಹೊತ್ತು. ಸುದ್ದಿ ಮುಟ್ಟಿದಾಗ ಅಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ಕಣ್ಣೊರೆಸಿಕೊಂಡು, ಪಾಠ ಮುಗಿಸಿಯೇ ಬಂದಳು. ಎಂಥ ಕಲ್ಲೆದೆ ಇವಳದು ಎಂದು ಹೆಂಗಸರು ಪಿಸುಗುಟ್ಟಿದರು. ಅನ್ನಲಿ. ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರೆ ಕಾಕು ಎದ್ದು ಕೂತು ಬೈದು ತಿರುಗಿ ಕಳಿಸುತ್ತಿದ್ದಳು.